ಮೂವತ್ತೊಂದು ಹೆಬ್ಬೆಟ್ಟು

ಶನಿವಾರ ಹನ್ನೊಂದು ಗಂಟೆಗೆ ಆಫೀಸಿನ ಜವಾನ ಆವುಲಪ್ಪ ಬಂದು, “ಹಫೀಜಮ್ಮ, ಚಲಪತಿ ಸಾಹೇಬ್ರು ಕರೀತಾವ್ರೆ,” ಎಂದಾಗ ಮಿಲ್ಲಿನ ನೂಲು ಸುತ್ತುವ ವೈಂಡಿಂಗ್ ಖಾತೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದಿದ್ದರೂ ನಗು ಕಾಣುತ್ತದಲ್ಲ. ಮೇಸ್ತ್ರಿ ಬಯ್ಯಪ್ಪ ಆ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಹೆಂಗಸರೇ ಕೆಲಸ ಮಾಡುವ ಖಾತೆಗೆ ಹೆಂಗಸನ್ನೇ ಮೇಸ್ತ್ರಿ ಮಾಡಬಹುದು ಎಂದು ಬೊಂಬಾಯಿಯ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂದಿತ್ತು. ಸೀನಿಯಾರಿಟಿ ಪಟ್ಟಿಯಲ್ಲಿ ಮೊದಲ ಹೆಸರು ಹಫೀಜಾಳದು. ಕರೆ ಇನ್ಯಾತಕ್ಕೆ ಬಂದೀತು?

ಹಫೀಜಾ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಕೊಡವಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟಳು. ಅವಳಿಗೆ ಆ ಕೆಲಸ ಬೇಕಿತ್ತು. ಬೇಕು ಎಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆಯೂ ಇರಲಿಲ್ಲ. ತೊಂಡೇಬಾವಿ ಸ್ಟೇಷನ್ನಿನ ಪಕ್ಕದ ಈ ನೂಲಿನ ಮಿಲ್ಲಿಗೆ ಹದಿನಾಲ್ಕು ವರ್ಷದಿಂದ ದಿನವೂ ಗೌರಿಬಿದನೂರಿನ ಮೊದಲ ರೈಲಿಗೆ ಬಂದವಳು ಅವಳು. ಅಷ್ಟು ವರ್ಷದಲ್ಲಿ ಮೂವರು ಗಂಡಸರಿಗೆ ಹರಿದ ನೂಲಿಗೆ ಗಂಟು ಹಾಕುವುದನ್ನು ಅವಳೇ ಕಲಿಸಿದ್ದಳು. ಮೂವರೂ ಬೇರೆ ಬೇರೆ ಖಾತೆಗೆ ಮೇಸ್ತ್ರಿಗಳಾಗಿ ಹೋಗಿ ಈಗ ಅವಳನ್ನು ‘ಏಯ್’ ಎಂದು ಕರೆಯುತ್ತಿದ್ದರು. ಹತ್ತಿದ ಏಣಿಯನ್ನು ಒದೆಯುವುದು ಲೋಕದ ರೂಢಿ, ಇರಲಿ. ಆದರೆ ಹದಿನಾಲ್ಕು ವರ್ಷ ಏಣಿಯಾಗಿ ನಿಂತವರಿಗೂ ಒಂದು ದಿನ ತಾವೇ ಹತ್ತಿ ನೋಡೋಣ ಅನ್ನಿಸುತ್ತದೆ.

ಚಲಪತಿಯ ಕೋಣೆಯಲ್ಲಿ ಬಯ್ಯಪ್ಪ ಮೊದಲೇ ಬಂದಿದ್ದ. ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕುಳಿತಿದ್ದ. ಮೇಜಿನ ಮೇಲೆ ದಾರ ಕಟ್ಟಿದ ಕಾಗದಗಳ ಕಟ್ಟು. ಬಾಗಿಲಲ್ಲಿ ನಿಂತೇ ಹಫೀಜಾ ಆ ಕಾಗದಗಳ ಮೇಲಿನ ಅಕ್ಷರ ಗುರುತಿಸಿದಳು. ಅವಳದೇ ಅಕ್ಷರ. ಬಡ್ತಿಯ ಆರ್ಡರು ಕೊಡುವವರು ಈ ಕಟ್ಟನ್ನು ಯಾಕೆ ಮುಂದಿಟ್ಟುಕೊಂಡಿದ್ದಾರೆ ಎಂದುಕೊಳ್ಳುತ್ತ ಒಳಗೆ ಕಾಲಿಟ್ಟಳು.

ಆ ಕಾಗದಗಳ ಕಥೆ ಇಷ್ಟು. ಅದು ಎಂಬತ್ತೇಳನೇ ಇಸವಿ. ಎರಡು ಸಾವಿರ ಜನ ದುಡಿಯುವ ಮಿಲ್ಲಿನಲ್ಲಿ ನೌಕರರ ಮನಸ್ಸಿನಲ್ಲಿ ಏನಿದೆ ತಿಳಿಯಬೇಕು ಎಂದು ಬೊಂಬಾಯಿಯ ದೊಡ್ಡವರಿಗೆ ಅನ್ನಿಸಿತು. ಯಾಕೆ ಅನ್ನಿಸಿತೋ, ದೊಡ್ಡವರಿಗೆ ಅನ್ನಿಸುವುದಕ್ಕೆ ಕಾರಣ ಕೇಳುವ ಹಾಗಿಲ್ಲ. ‘ನೌಕರರ ಅಭಿಪ್ರಾಯ ಪತ್ರ’ ಎಂದು ಅಚ್ಚು ಹಾಕಿಸಿ ಕಳಿಸಿದರು. ಬಡ್ತಿ ನ್ಯಾಯವಾಗಿ ಸಿಗುತ್ತಿದೆಯೇ? ಎಲ್ಲ ಜಾತಿ ಮತದವರನ್ನೂ ಹೆಂಗಸರನ್ನೂ ಸಮಾನವಾಗಿ ಕಾಣುತ್ತಾರೆಯೇ? ಕೆಲಸದ ಜಾಗದ ವಾತಾವರಣ ಹೇಗಿದೆ? ನಿಮ್ಮ ಖಾತೆಯ ಮೇಲ್ವಿಚಾರಣೆಗೆ ಯಾರು ತಕ್ಕವರು? ಕೆಳಗೆ ದಪ್ಪಕ್ಷರದಲ್ಲಿ: ಹೆಸರು ಬರೆಯಬೇಕಾಗಿಲ್ಲ, ನಿಮ್ಮ ಅಭಿಪ್ರಾಯ ಗುಟ್ಟಾಗಿರುತ್ತದೆ. ಕ್ಯಾಂಟೀನಿನಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಟ್ಟರು.

ವೈಂಡಿಂಗ್ ಖಾತೆಯ ಹೆಂಗಸರಿಗೆ ವಾತಾವರಣ ಕೇಳಿದ್ದು ನಗು ತರಿಸಿತು. ಅಲ್ಲಿ ಮೂವತ್ತೆರಡು ಹೆಂಗಸರಿಗೆ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಕಕ್ಕಸಿಗೆ ಹೋಗಬೇಕಾದವರು ಬಯ್ಯಪ್ಪನ ಹತ್ತಿರ ಆ ಬಿಲ್ಲೆ ಕೇಳಿ ಇಸಿದುಕೊಂಡು ಹೋಗಬೇಕು, ಬಂದು ಅವನ ಕೈಗೇ ಕೊಡಬೇಕು. ಬಿಲ್ಲೆ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಅವನಿಗೆ ಮನಸ್ಸಿದ್ದರೆ ಕೊಡುತ್ತಿದ್ದ, ಇಲ್ಲದಿದ್ದರೆ ನೂಲು ಸುತ್ತುವ ಆ ಕೋನು ತುಂಬಲಿ, ಈ ಕೋನು ತುಂಬಲಿ ಎನ್ನುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೇಳುವುದು ಇಂಥದ್ದಕ್ಕೇ.

ಬೊಂಬಾಯಿಯವರು ಮರೆತದ್ದು ಒಂದೇ. ಆ ಖಾತೆಯಲ್ಲಿ ಓದು ಬರಹ ಬಲ್ಲವಳು ಹಫೀಜಾ ಒಬ್ಬಳೇ. ಅವಳ ತಂದೆ ಮಹಮ್ಮದ್ ಇಸ್ಮಾಯಿಲ್ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ಎದುರಿನ ಜಗಲಿಯಲ್ಲಿ ನಲವತ್ತು ವರ್ಷ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟವರು. ಪಕ್ಕದಲ್ಲಿ ಕೂರಿಸಿಕೊಂಡು ಮಗಳಿಗೂ ಕಲಿಸಿದ್ದರು. ಅಕ್ಷರದ ಜೊತೆಗೆ ಎರಡು ಕಟ್ಟಳೆಯನ್ನೂ ಕಲಿಸಿದ್ದರು. ಬಾಯಿ ಅರ್ಜಿದಾರನದು, ಕೈ ಮಾತ್ರ ನಮ್ಮದು, ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ಇನ್ನೊಂದು, ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಕಳ್ಳನಿಗಿಂತ ಕಡೆ. ಅಂಥವನೊಬ್ಬ ಅದೇ ಜಗಲಿಯಲ್ಲಿದ್ದ. ಇಸ್ಮಾಯಿಲ್ ಸಾಯುವ ತನಕ ಅವನ ಕೈಯಿಂದ ಬೀಡಿಗೆ ಬೆಂಕಿಯನ್ನೂ ತೆಗೆದುಕೊಳ್ಳಲಿಲ್ಲ.

ಹೀಗಾಗಿ ಮೂರು ದಿನ ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದಿನ ಹೊಂಗೆ ಮರದ ಕೆಳಗೆ ಹಫೀಜಾ ಕುಳಿತಳು, ಹೆಂಗಸರು ಒಬ್ಬೊಬ್ಬರಾಗಿ ಬಂದು ಗುಟ್ಟು ಬರೆಸಿಹೋದರು. ಬರೆದು ಮುಗಿಸಿದ ಮೇಲೆ ಹೆಬ್ಬೆಟ್ಟು ಒತ್ತುತ್ತೇವೆ ಎಂದು ಹಟ ಹಿಡಿದರು. ಬೇಡ ಕಣ್ರೇ, ಹೆಸರೇ ಬೇಡ ಅಂದಮೇಲೆ ಹೆಬ್ಬೆಟ್ಟು ಯಾಕೆ ಎಂದರೆ ಯಾರೂ ಒಪ್ಪಲಿಲ್ಲ. “ಹೆಬ್ಬೆಟ್ಟಿಲ್ದಿರೋ ಕಾಗದ ಯಾವನು ನಂಬ್ತಾನೆ?” ಎಂದಳು ಅಕ್ಕಯ್ಯಮ್ಮ. ಅವಳ ಮಾತೂ ಸುಳ್ಳಲ್ಲ. ಸಂಬಳ, ರೇಷನ್ನು, ಸೊಸೈಟಿ, ಆಸ್ಪತ್ರೆ, ಎಲ್ಲ ಕಡೆಯೂ ಹೆಬ್ಬೆಟ್ಟು ಬಿದ್ದರೆ ಮಾತ್ರ ಅವರು ಮನುಷ್ಯರು. ಕೊನೆಗೆ ಹಫೀಜಾ ಅಬ್ಬಾನ ತಗಡಿನ ಪೆಟ್ಟಿಗೆಯಿಂದ ಮಸಿ ಹಚ್ಚುವ ಪ್ಯಾಡು ತಂದಳು. ಗುಟ್ಟಿನ ಕಾಗದಗಳ ಮೇಲೆ ಮೂವತ್ತೊಂದು ನೀಲಿ ಹೆಬ್ಬೆಟ್ಟುಗಳು ಬಿದ್ದವು. ಅವಳದೊಂದು ಮಾತ್ರ ಹೆಬ್ಬೆಟ್ಟಿಲ್ಲದ್ದು.

ಹದಿನೇಳು ಜನ ಹಫೀಜಾನೇ ಮೇಸ್ತ್ರಿಯಾಗಲಿ ಎಂದು ಬರೆಸಿದರು. ಐವರು ಯಾರಾದರೂ ಆಗಲಿ ಎಂದರು. ಒಂಬತ್ತು ಜನ ಹಫೀಜಾ ಬೇಡ ಎಂದು ಬರೆಸಿದರು. ಹಫೀಜಾಳ ಎದುರೇ ಕುಳಿತು, ಹಫೀಜಾಳ ಕೈಯಿಂದಲೇ. ಬೇರೆ ಕೈ ಇರಲಿಲ್ಲವಲ್ಲ.

ಎಂಟು ಜನರದನ್ನು ಅವಳು ನುಂಗಿಕೊಂಡಳು. ಸಾಬರ ಹೆಂಗಸಿನ ಕೈಕೆಳಗೆ ಕೆಲಸ ಮಾಡಲ್ಲ ಎಂದವರು ಮೂವರು. ಅವರಲ್ಲಿ ಅಕ್ಕಯ್ಯಮ್ಮನೂ ಒಬ್ಬಳು. ಹೆಂಗಸು ಮೇಸ್ತ್ರಿಯಾದರೆ ಬೇರೆ ಖಾತೆಯ ಗಂಡಸರು ಮಾತು ಕೇಳಲ್ಲ ಎಂದವರು ಐವರು. ಒಂಬತ್ತನೆಯವಳು ಮುನಿಗಂಗಮ್ಮ, ನಗರಗೆರೆ ಕಡೆಯವಳು, ಒಂದೇ ಯಂತ್ರದ ಎರಡು ಬದಿಗೆ ಹಫೀಜಾಳ ಜೊತೆ ಹನ್ನೆರಡು ವರ್ಷ ನಿಂತವಳು. ದಿನಾ ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಬುತ್ತಿ ಬಿಚ್ಚುತ್ತಿದ್ದರು.

ಅವಳು ಬಂದು ಕುಳಿತವಳೇ, “ನೋಡಮ್ಮ, ಈಗ ನೀನು ಹಫೀಜಾ ಅಲ್ಲ. ಬರಿಯೋ ಕೈ ಅಷ್ಟೇ. ಒಪ್ತೀಯಾ?” ಎಂದಳು.

“ಒಪ್ತೀನಿ, ಹೇಳು.”

“ಬಿಲ್ಲೆ ವಿಷ್ಯ ಬರಿ. ನಮ್ಮ ಸಣ್ಣೋನು ಹೊಟ್ಟೇಲಿದ್ದಾಗ, ಏಳನೇ ತಿಂಗಳು. ನೀನು ಅವತ್ತು ರಜ ಹಾಕಿದ್ದೆ. ಬಿಲ್ಲೆ ಕೇಳಿದೆ. ಕೋನು ತುಂಬ್ಲಿ ಅಂದ. ಇನ್ನೊಂದ್ಸಲ ಕೇಳಿದೆ. ಜೇಬಲ್ಲೇ ಇತ್ತು, ಕೊಡ್ಲಿಲ್ಲ. ನಿಂತ್ಕಂಡಂಗೇ ಆಗೋಯ್ತು. ನನ್ನ ಸೆರಗಿನಲ್ಲೇ ನೆಲ ಒರೆಸಿದೆ. ಅವನು ನೋಡ್ತಾ ನಿಂತಿದ್ದ. ನೋಡಿದ ನಾಕು ಜನಾನೂ ಇವತ್ತಿನ ತನಕ ಬಾಯಿ ಬಿಟ್ಟಿಲ್ಲ. ಬರಿ.”

ಹಫೀಜಾ ಬರೆದಳು. ಐದು ವರ್ಷದ ಹಿಂದಿನ ಮಾತು. ಇದನ್ನು ಅವಳು ಕೇಳಿಯೇ ಇರಲಿಲ್ಲ. ತಲೆ ಎತ್ತಿ ನೋಡಿದರೆ ಮುನಿಗಂಗಮ್ಮ ಬೇರೆ ಕಡೆ ನೋಡುತ್ತಿದ್ದಳು.

“ಯಾರು ಮೇಸ್ತ್ರಿ ಆಗ್ಬೇಕು ಅಂತ ಕೇಳವ್ರೆ,” ಎಂದಳು ಹಫೀಜಾ.

“ರಾಯಿ. ಹಫೀಜಾ ಬೇಡ ಅಂತ ರಾಯಿ.” ಮನಸ್ಸಿನ ಒಳಗಿನ ಮಾತು ಬಂದಾಗ ಮುನಿಗಂಗಮ್ಮನ ಬಾಯಿಗೆ ತೆಲುಗು ಬರುತ್ತಿತ್ತು, ಬರಿ ಎನ್ನುವುದು ರಾಯಿ ಆಗುತ್ತಿತ್ತು.

ಪೆನ್ನು ನಿಂತಿತು. “ಯಾಕೆ ಅಂತನೂ ಬರೀಬೇಕು.”

“ಸಾಬರೋಳು ಅಂತ ಅಲ್ಲ. ಅಕ್ಕಯ್ಯಮ್ಮ ಬರೆಸವ್ಳೆ ಹಂಗೆ, ನಂಗೊತ್ತು. ನಂದು ಅದಲ್ಲ. ಗಂಡಸು ಮೇಸ್ತ್ರಿಗೆ ಹೊಟ್ಟೆ ನೋವು ಅಂದ್ರೆ ಮಕ ತಿರುಗಿಸ್ಕಂಡು ರಜ ಕೊಡ್ತಾನೆ. ನೀನಾದ್ರೆ ದಿನ ಎಣಿಸ್ತೀಯ. ಹೋದ ವಾರ ತಾನೇ ಆಗಿತ್ತಲ್ಲೇ ಅಂತೀಯ. ತಿಂಗಳಿಗೆ ಒಂದು ಸುಳ್ಳು ಹೇಳಿ ನಾನು ಅಮ್ಮನ ನೋಡಕ್ಕೆ ಹೋಗೋದು. ಅದೂ ಇಲ್ದಂಗಾಗುತ್ತೆ.”

ನಗಬೇಕೋ ಅಳಬೇಕೋ ಹಫೀಜಾಳಿಗೆ ತಿಳಿಯಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. ಮುನಿಗಂಗಮ್ಮ ಹೆಬ್ಬೆಟ್ಟು ಒತ್ತಿ, ಬೆರಳನ್ನು ಹೊಂಗೆ ಎಲೆಗೆ ಒರೆಸಿಕೊಂಡು, ಏನೂ ಆಗದವಳ ಹಾಗೆ ಬುತ್ತಿ ಬಿಚ್ಚಿ ಅವರೆಕಾಳಿನ ಸಾರನ್ನು ಹಫೀಜಾಳ ಕಡೆಗೆ ತಳ್ಳಿದಳು. ಆ ದಿನ ಹಫೀಜಾ ಆ ಸಾರನ್ನು ಮುಟ್ಟಲಿಲ್ಲ. ಮೂರು ಜನ ಜಾತಿ ಹಿಡಿದು ಬೇಡ ಅಂದದ್ದಕ್ಕಿಂತ ಇವಳೊಬ್ಬಳು ಬೇಡ ಅಂದದ್ದು ಅವಳನ್ನು ಹೆಚ್ಚು ಉರಿಸಿತು.

ಈಗ ಆ ಕಾಗದಗಳು ಚಲಪತಿಯ ಮೇಜಿನ ಮೇಲಿದ್ದವು. ಚಲಪತಿ ಮಿಲ್ಲಿನ ಪರ್ಸನೆಲ್ ಆಫೀಸರು, ಚಿಂತಾಮಣಿ ಕಡೆಯವನು, ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಲು ಬೇಕಾದ ಧೈರ್ಯವೂ ಅವನಲ್ಲಿರಲಿಲ್ಲ.

“ಇದು ನಿಮ್ಮ ಅಕ್ಷರನೇನಮ್ಮ?”

“ಹೌದು ಸಾರ್.”

“ಮೂವತ್ತೆರಡೂ?”

“ಹೌದು ಸಾರ್. ಅವರಿಗೆ ಬರಿಯಕ್ಕೆ ಬರಲ್ಲ. ಹೇಳಿದ್ರು, ಬರೆದೆ.”

ಬಯ್ಯಪ್ಪ ನಕ್ಕ. “ಹೇಳಿದ್ರಂತೆ. ಹದಿನೇಳು ಕಾಗದದಲ್ಲಿ ಹಫೀಜಾ ಮೇಸ್ತ್ರಿ ಆಗ್ಲಿ ಅಂತೈತೆ, ಅದೂ ಹಫೀಜಾನ ಅಕ್ಷರದಲ್ಲೇ. ಇಪ್ಪತ್ನಾಲ್ಕರಲ್ಲಿ ಬಿಲ್ಲೆ, ಬಿಲ್ಲೆ, ಬಿಲ್ಲೆ. ಮೂವತ್ತು ವರ್ಷ ದುಡಿದೋನ ಮಾನ ಕಳೆಯಕ್ಕೆ ಒಬ್ಬಳು ಸಾಕು ನೋಡಿ ಸಾರ್.”

ಚಲಪತಿ ಗಡಿಯಾರ ನೋಡಿದ. “ಮೂರು ಗಂಟೆಗೆ ಬೊಂಬಾಯಿಯೋರು ಬರ್ತಾರೆ. ಒಂದೇ ಕೈಬರಹ ಅಂತ ಅವರ ಕಣ್ಣಿಗೆ ಬಿದ್ದೇ ಬೀಳುತ್ತೆ. ಅಷ್ಟ್ರೊಳಗೆ ಇದು ಇತ್ಯರ್ಥ ಆಗ್ಬೇಕು. ಹೆಬ್ಬೆಟ್ಟು ಹಾಕಿಸಿದ್ದು ಒಳ್ಳೇದೇ ಆಯ್ತು.” ಅವನು ಪಕ್ಕದಲ್ಲಿದ್ದ ಸಂಬಳದ ದೊಡ್ಡ ರಿಜಿಸ್ಟರನ್ನು ಮುಂದಕ್ಕೆಳೆದುಕೊಂಡ. “ಇದರಲ್ಲಿ ಎಲ್ಲರ ಹೆಬ್ಬೆಟ್ಟೂ ಇದೆ. ತಾಳೆ ನೋಡಿದ್ರೆ ಯಾವ ಫಾರಂ ಯಾರದು ಗೊತ್ತಾಗುತ್ತೆ. ನೀವೂ ಕೂತು ಸಹಾಯ ಮಾಡಿ. ಒಬ್ಬೊಬ್ಬರನ್ನೇ ಕರೆದು, ಓದಿ ಹೇಳಿ, ನೀನು ಹೇಳಿದ್ದು ಇದೇನಾ ಅಂತ ಕೇಳ್ತೀನಿ. ಹೌದು ಅಂದ್ರೆ ನಿಮ್ಮ ಮೇಲೆ ಒಂದು ಕಪ್ಪು ಚುಕ್ಕೆನೂ ಇಲ್ಲ. ಸೋಮವಾರವೇ ಆರ್ಡರ್ ಕೈಗೆ ಕೊಡ್ತೀನಿ.”

“ಗುಟ್ಟಾಗಿರುತ್ತೆ ಅಂತ ಅಚ್ಚು ಹಾಕಿದೀರಲ್ಲ ಸಾರ್.”

“ಗುಟ್ಟು ಅಂದಮೇಲೆ ಹೆಬ್ಬೆಟ್ಟು ಒತ್ತಬಾರದಾಗಿತ್ತಮ್ಮ. ಒತ್ತಿದ ಮೇಲೆ ಅದು ಸಹಿ.”

“ಯಾರ ಮುಂದೆ ಕೇಳ್ತೀರಿ?”

“ಖಾತೆಯ ಮೇಸ್ತ್ರಿ ಎದುರಿಗೆ ಕೇಳ್ಬೇಕು. ರೂಲ್ಸು.”

“ಕೇಳ್ಲಿ ಬಿಡಮ್ಮ,” ಎಂದ ಬಯ್ಯಪ್ಪ, ಬಹಳ ಮೆತ್ತಗೆ. “ಯಾರ್ಯಾರು ಅಂತ ನಂಗೂ ಗೊತ್ತಾಗ್ಲಿ. ನಮ್ಮ ಕೊಂಡಪ್ಪನಿಗೂ ಗೊತ್ತಾಗ್ಲಿ.”

ಕೊಂಡಪ್ಪ ಬಯ್ಯಪ್ಪನ ತಮ್ಮನ ಮಗ, ಗೇಟಿನ ಟೈಂ ಆಫೀಸಿನಲ್ಲಿದ್ದ. ವೈಂಡಿಂಗ್ ಹೆಂಗಸರಲ್ಲಿ ಹತ್ತೊಂಬತ್ತು ಜನ ಬದಲಿಯವರು. ಖಾಯಂ ಆದವರು ಬರದಿದ್ದರೆ ಇವರಿಗೆ ಕೆಲಸ. ಬೆಳಿಗ್ಗೆ ಗೇಟಿನಲ್ಲಿ ಕೊಂಡಪ್ಪ ಯಾರ ಹೆಸರು ಕೂಗುತ್ತಾನೋ ಅವರು ಒಳಗೆ, ಕೂಗದವರು ಬುತ್ತಿ ಹಿಡಿದುಕೊಂಡು ಮನೆಗೆ. ಹನ್ನೆರಡು ವರ್ಷವಾದರೂ ಮುನಿಗಂಗಮ್ಮ ಬದಲಿಯೇ. ಹಫೀಜಾ ಮೇಸ್ತ್ರಿಯಾಗಬಹುದು, ಆದರೆ ಗೇಟು ಅವಳ ಕೈಗೆ ಬರುವುದಿಲ್ಲ. ನೂಲು ಸುತ್ತುವ ಮೇಸ್ತ್ರಿಗೆ ತನ್ನ ಖಾತೆಯಿಂದ ಆಚೆ ಅಧಿಕಾರವಿಲ್ಲ.

ಬಿಸಿ ತುಪ್ಪ ಬಾಯಲ್ಲಿದ್ದ ಹಾಗೆ ಹಫೀಜಾ ನಿಂತಳು. ಅವಳು ಮಾಡಬೇಕಾದ್ದು ನಿಜ ಹೇಳುವುದು, ಅಷ್ಟೇ. ನಿಜ ಹೇಳಿದರೆ ಬಡ್ತಿ. ಲೋಕದಲ್ಲಿ ನಿಜಕ್ಕೆ ಇಂಥ ಬೆಲೆ ಸಿಗುವುದು ಅಪರೂಪ. ಹಫೀಜಾ ದೇವತೆಯಲ್ಲ, ಅವಳಿಗೆ ಆಸೆಯಾಯಿತು. ಕರೆಸಲಿ, ಅಕ್ಕಯ್ಯಮ್ಮ ಬಂದು ಸಾಬರವಳು ಬೇಡ ಅಂದದ್ದನ್ನು ನನ್ನ ಮುಖ ನೋಡಿ ಇನ್ನೊಂದು ಸಲ ಹೇಳಲಿ ಅನ್ನಿಸಿತು. ಮುನಿಗಂಗಮ್ಮ ಬಂದು ಇಲ್ಲಿ ನಿಂತು, ಆಫೀಸರ ಎದುರು, ತಿಂಗಳ ಸುಳ್ಳನ್ನು ಒಪ್ಪಿಕೊಳ್ಳಲಿ ಅನ್ನಿಸಿತು. ಅನ್ನಿಸಿದ್ದು ಹಿತವಾಗಿಯೂ ಇತ್ತು.

ಆದರೆ ಅದೇ ಕಾಗದದಲ್ಲಿ ಮೇಲಿನ ಅರ್ಧವೂ ಇತ್ತು. ಚಲಪತಿ ಅದನ್ನೂ ಓದುತ್ತಾನೆ. ಏಳನೇ ತಿಂಗಳು, ನಿಂತ ಹಾಗೇ ಆಗಿಹೋಯಿತು, ಸೆರಗಿನಲ್ಲಿ ನೆಲ ಒರೆಸಿದೆ. ಓದಿ, ನೀನು ಹೇಳಿದ್ದು ಇದೇನಾ ಎಂದು ಕೇಳುತ್ತಾನೆ. ಬಯ್ಯಪ್ಪ ಆ ದಿನ ನೋಡುತ್ತ ನಿಂತಿದ್ದ ಹಾಗೇ ಇವತ್ತು ನೋಡುತ್ತ ಕುಳಿತಿರುತ್ತಾನೆ. ಸೋಮವಾರದಿಂದ ಕೊಂಡಪ್ಪ ಅವಳ ಹೆಸರು ಕೂಗುವುದಿಲ್ಲ.

ಚಲಪತಿ ರಿಜಿಸ್ಟರಿನ ಹಾಳೆ ತಿರುವಿದ. “ಆವುಲಪ್ಪನ್ನ ಕಳಿಸ್ಲಾ? ಮೊದಲು ಯಾರನ್ನ ಕರೀಲಿ?”

“ಯಾರನ್ನೂ ಕರೀಬೇಡಿ ಸಾರ್,” ಎಂದಳು ಹಫೀಜಾ. “ಅವರು ಏನೂ ಹೇಳಿಲ್ಲ. ಅಷ್ಟೂ ನಾನೇ ಬರೆದಿದ್ದು.”

“ಈಗ ತಾನೇ ಹೇಳಿದ್ರು ಅಂದ್ರಲ್ಲ?”

“ಹೆದರಿಕೆಗೆ ಅಂದೆ.”

“ಮತ್ತೆ ಹೆಬ್ಬೆಟ್ಟು?”

ಇದಕ್ಕೆ ಒಂದೇ ಉತ್ತರವಿತ್ತು, ಅದು ಅವಳಿಗೆ ಮೊದಲೇ ಗೊತ್ತಿತ್ತು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತ ಅಬ್ಬಾ ಕಣ್ಣ ಮುಂದೆ ಬಂದರು. ಅವರ ಕಡೆ ನೋಡದೆ ಅವಳು ಹೇಳಿದಳು: “ಖಾಲಿ ಫಾರಂ ಮೇಲೆ ಒತ್ತಿಸ್ಕೊಂಡೆ ಸಾರ್. ಆಮೇಲೆ ನನಗೆ ಬೇಕಾದ್ದು ತುಂಬಿದೆ. ಏನು ಬರೆದಿದೀನಿ ಅಂತ ಅವರಿಗೆ ಗೊತ್ತಿಲ್ಲ.”

ಬಯ್ಯಪ್ಪನ ಮುಖ ಮೊದಲು ಅರಳಿತು, ಆಮೇಲೆ ಸಪ್ಪಗಾಯಿತು. ಅವನಿಗೆ ಬೇಕಾದ ಜಯ ಸಿಕ್ಕಿತ್ತು, ಬೇಕಾದ ಹೆಸರುಗಳು ಸಿಗಲಿಲ್ಲ.

ಚಲಪತಿ ದಡ್ಡನಲ್ಲ. ಕಟ್ಟಿನಿಂದ ಒಂದಷ್ಟು ಕಾಗದ ಬೇರೆ ಮಾಡಿ ಹರಡಿದ. “ಒಂಬತ್ತರಲ್ಲಿ ಹಫೀಜಾ ಬೇಡ ಅಂತಿದೆಯಲ್ಲಮ್ಮ. ತನಗೆ ಬಡ್ತಿ ಬೇಕು ಅಂತ ಸುಳ್ಳು ಬರೆಯೋಳು ತನಗೇ ಬೇಡ ಅಂತ ಯಾಕೆ ಬರೀತಾಳೆ?”

“ಎಲ್ಲಾ ನಂಗೇ ಬೇಕು ಅಂತಿದ್ರೆ ನೀವು ನಂಬ್ತಿದ್ರಾ ಸಾರ್? ಅದಕ್ಕೇ ಅಡುಗೆಗೆ ಉಪ್ಪು ಹಾಕ್ದಂಗೆ ಒಂಬತ್ತು ಹಾಕಿದೆ.”

“ಸಾಬರೋಳು ಬೇಡ ಅಂತನೂ?”

“ಅದು ಇಲ್ದಿದ್ರೆ ನಿಜ ಅನ್ಸಲ್ಲ.”

ಅವನು ಇನ್ನೊಂದು ಕಾಗದ ಎತ್ತಿದ. ಅದು ಯಾವುದೆಂದು ನೀಲಿ ಗುರುತಿನಿಂದಲೇ ಹಫೀಜಾಳಿಗೆ ತಿಳಿಯಿತು. ಹಳೆಯ ಗಾಯದ ಗೆರೆಯಿದ್ದ ಮುನಿಗಂಗಮ್ಮನ ಹೆಬ್ಬೆಟ್ಟು ಅದು. ಅವನು ಮೇಲಿನ ಅರ್ಧವನ್ನು ಮನಸ್ಸಿನಲ್ಲೇ ಓದಿಕೊಂಡ. ಒಮ್ಮೆ ಬಯ್ಯಪ್ಪನ ಕಡೆ ನೋಡಿ ಕಣ್ಣು ಕೆಳಗಿಳಿಸಿದ. ಆಮೇಲೆ ಕೇಳಿದ: “ಹಫೀಜಾ ಆದ್ರೆ ದಿನ ಎಣಿಸ್ತಾಳೆ ಅಂತಿದೆ. ಇದನ್ನ ಯಾರೂ ಮನಸ್ಸಿನಿಂದ ಕಟ್ಟಿ ಬರೆಯಕ್ಕಾಗಲ್ಲಮ್ಮ. ಇದು ಯಾರೋ ಹೇಳಿರೋದು.”

“ನಾನೂ ಹೆಂಗಸೇ ಅಲ್ವಾ ಸಾರ್. ಎಲ್ಲರಿಗೂ ಗೊತ್ತಿರೋದೇ ಅದು.”

“ಈ ಏಳನೇ ತಿಂಗಳ ವಿಷಯ?”

“ನಂದೇ,” ಎಂದಳು ಹಫೀಜಾ. “ನನಗೇ ಆಗಿದ್ದು. ಮೇಸ್ತ್ರಿಗಳಿಗೆ ಮರೆತಿರ್ಬಹುದು.”

ಬಯ್ಯಪ್ಪ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಅದು ನಿನಗಲ್ಲ ಎನ್ನಬೇಕಾದರೆ ಯಾರಿಗೆ ಎಂದು ಅವನೇ ಹೇಳಬೇಕಾಗುತ್ತಿತ್ತು. ಇವಳ ಕಿವಿಗೆ ಹಾಕಿದವರು ಯಾರೆಂದೂ ಅವನಿಗೆ ಗೊತ್ತಿರಲಿಲ್ಲ, ಆ ದಿನ ನೋಡಿದವರು ನಾಲ್ಕು ಜನ ಇದ್ದರು.

ಚಲಪತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು. ಯಾಕೆ ಎಂದೂ ಗೊತ್ತಾಗಿತ್ತು. ಆದರೆ ಈ ಸುಳ್ಳಿನಲ್ಲಿ ಅವನಿಗೆ ಕಷ್ಟವಿರಲಿಲ್ಲ. ಒಬ್ಬ ಹೆಂಗಸಿನ ತಪ್ಪು, ಒಂದು ಖಾತೆಯ ಫಾರಂ ರದ್ದು, ಬೊಂಬಾಯಿಯವರಿಗೆ ಒಂದು ಸಾಲಿನ ವರದಿ. ನಿಜವಾದರೆ ಬಿಲ್ಲೆಯಿಂದ ಗೇಟಿನ ತನಕ ಉತ್ತರ ಕೊಡಬೇಕಾದವನು ಅವನೇ. “ಹೇಳಿಕೆ ಬರೆದುಕೊಡಿ ಹಾಗಾದ್ರೆ,” ಎಂದು ಬಿಳಿ ಹಾಳೆ ಮುಂದೆ ತಳ್ಳಿದ. “ಬಡ್ತಿ ಪಟ್ಟಿಯಿಂದ ನಿಮ್ಮ ಹೆಸರು ತೆಗೀಬೇಕಾಗುತ್ತೆ. ಗೊತ್ತಲ್ಲ? ಇನ್ನು ಯಾವತ್ತೂ ಸೇರಲ್ಲ.”

“ಗೊತ್ತು ಸಾರ್.”

ನಿಂತುಕೊಂಡೇ, ಮೇಜಿನ ಅಂಚಿಗೆ ಬಾಗಿ ಹಫೀಜಾ ಬರೆದಳು. ಯಾರ ಬಾಯಿಂದಲೂ ಬಾರದ್ದನ್ನು ಅವಳ ಕೈ ಬರೆದದ್ದು ಅದೇ ಮೊದಲು. ಅಕ್ಷರ ಮಾತ್ರ ಎಂದಿನಂತೆ ದುಂಡಗಿತ್ತು. ಸಹಿ ಹಾಕಿ, “ಬಿಲ್ಲೆ ವಿಷಯ ನಿಜ ಸಾರ್. ಒಬ್ಬಳೇ ಬರೆದಿದ್ರೂ ನಿಜ,” ಎಂದಳು. ಚಲಪತಿ ತಲೆ ಎತ್ತಲಿಲ್ಲ. ತಕ್ಕ ಅಭ್ಯರ್ಥಿ ಇಲ್ಲದ ಕಾರಣ ಬಯ್ಯಪ್ಪನಿಗೆ ಇನ್ನೂ ಆರು ತಿಂಗಳು ಕೆಲಸ ಮುಂದುವರಿಸುವುದೆಂದು ಅವನು ಆಗಲೇ ಇನ್ನೊಂದು ಹಾಳೆಯಲ್ಲಿ ಬರೆಯತೊಡಗಿದ್ದ.

ಆಫೀಸಿನಿಂದ ಖಾತೆಗೆ ಇನ್ನೂರು ಹೆಜ್ಜೆ. ಅಷ್ಟು ದೂರದಲ್ಲಿ ಹಫೀಜಾ ಮೇಸ್ತ್ರಿಗಿರಿಯನ್ನು ಮನಸ್ಸಿನಿಂದ ಕಿತ್ತುಹಾಕಲು ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವವರು ಊರಿಗೆ ನೂರು ಜನ ಇದ್ದಾರೆ; ತಾನೇ ನೆಲಕ್ಕೆ ಹಾಕಿದವಳು ಯಾರ ಮುಂದೆ ಅಳಬೇಕು? ಹೆಂಗಸರಿಗೆ ಗುಟ್ಟಾಗಿ ಹೇಳಿಬಿಡಲೇ ಎಂದೂ ಯೋಚಿಸಿದಳು. ಆದರೆ ಮೂವತ್ತೊಂದು ಬಾಯಿಗೆ ಹಾಕುವ ಬೀಗ ಇನ್ನೂ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ. ಒಬ್ಬಳಿಗೆ ಹೇಳಿದರೆ ಸಂಜೆಯ ರೈಲಿನೊಳಗೆ ಕೊಂಡಪ್ಪನಿಗೆ ತಲುಪುತ್ತದೆ.

ಬಯ್ಯಪ್ಪ ಅಡ್ಡದಾರಿಯಲ್ಲಿ ಮೊದಲೇ ಬಂದು ಮುಟ್ಟಿದ್ದ. ಊಟದ ಹೊತ್ತಿಗೆ ಯಂತ್ರಗಳು ನಿಂತಿದ್ದವು, ಅವನ ದನಿ ಇಡೀ ಶೆಡ್ಡಿಗೆ ಕೇಳುತ್ತಿತ್ತು. “ಖಾಲಿ ಕಾಗದಕ್ಕೆ ನಿಮ್ಮ ಹೆಬ್ಬೆಟ್ಟು ಒತ್ತಿಸ್ಕಂಡು ತನಗೆ ಬೇಕಾದ್ದು ಬರ್ಕಂಡವ್ಳೆ ನೋಡ್ರಮ್ಮ. ನಾನು ಹೇಳ್ತಿರೋದಲ್ಲ, ಅವಳೇ ಆಫೀಸರಿಗೆ ಬರೆದುಕೊಟ್ಟವ್ಳೆ.”

ಕಾಗದ ಖಾಲಿ ಇರಲಿಲ್ಲ ಎನ್ನಬೇಕಾದರೆ ನಾನೂ ಬರೆಸಿದ್ದೆ ಎಂದು ಒಪ್ಪಿಕೊಂಡ ಹಾಗೆ. ಹೆಂಗಸರು ತಲೆ ತಗ್ಗಿಸಿ ಬುತ್ತಿಯ ಬಟ್ಟೆ ಬಿಚ್ಚುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ಹಫೀಜಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ನನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ ತುಟಿ ಕೊಂಕಿಸಿದಳು.

ಮುನಿಗಂಗಮ್ಮ ಎದ್ದು ಬಂದಳು. ಹಫೀಜಾಳ ಎದುರು, ಮಾತು ಇಬ್ಬರಿಗೆ ಮಾತ್ರ ಕೇಳುವಷ್ಟು ಹತ್ತಿರ ನಿಂತಳು. ನಾಲ್ಕು ಮಾರು ಆಚೆ ಬಯ್ಯಪ್ಪ ಕೋನು ಎಣಿಸುವವನ ಹಾಗೆ ನಿಂತಿದ್ದ, ಅವನ ಕಿವಿ ಇತ್ತಲೇ ಇತ್ತು.

“ನಾನು ಒತ್ತಿದಾಗ ಕಾಗದದ ತುಂಬ ಅಕ್ಷರ ಇತ್ತು. ನನ್ನ ಕಣ್ಣಾರೆ ನೋಡಿದೀನಿ. ಏನಿತ್ತು ಅನ್ನೋದು ಮಾತ್ರ ನಂಗೆ ತಿಳೀದು,” ಎಂದಳು ಮುನಿಗಂಗಮ್ಮ. “ಒಂದೇ ಮಾತು ಹೇಳು. ನಾನು ಹೇಳಿದ್ದೇ ಬರೆದಿದ್ಯಾ, ಇಲ್ವಾ?”

ಈ ಪ್ರಶ್ನೆಯನ್ನು ಹಫೀಜಾ ಆ ಇನ್ನೂರು ಹೆಜ್ಜೆಯಲ್ಲಿ ಯೋಚಿಸಿರಲೇ ಇಲ್ಲ. ಬಡ್ತಿ ಹೋಯಿತು, ಹೆಸರು ಹೋಯಿತು, ಅಬ್ಬಾನ ಮಾತೂ ಹೋಯಿತು, ಇನ್ನು ಹೋಗಲು ಏನೂ ಇಲ್ಲ ಅಂದುಕೊಂಡಿದ್ದಳು. ಮುನಿಗಂಗಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದು ಬರೀ ತಲೆ ಆಡಿಸಿದ್ದರೂ ಆ ಮುಖ ನಕ್ಕುಬಿಡುತ್ತಿತ್ತು. ಬಯ್ಯಪ್ಪ ಎಣಿಸುವುದನ್ನು ನಿಲ್ಲಿಸಿದ್ದ.

“ಇಲ್ಲ ಕಣೇ,” ಎಂದಳು ಹಫೀಜಾ, ಅವನಿಗೂ ಕೇಳುವ ಹಾಗೆ. “ನಂಗೆ ತೋಚಿದ್ದು ಬರ್ಕೊಂಡೆ.”

ಮುನಿಗಂಗಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹಳ ತಗ್ಗಿದ ದನಿಯಲ್ಲಿ, “ಅದನ್ನ ನಾನು ನನ್ನ ಗಂಡನಿಗೂ ಹೇಳಿರ್ಲಿಲ್ಲ,” ಎಂದಳು. ಯಂತ್ರದ ಬುಡದಲ್ಲಿದ್ದ ತನ್ನ ಬುತ್ತಿಯನ್ನು ಎತ್ತಿಕೊಂಡು ಅಕ್ಕಯ್ಯಮ್ಮನ ಪಕ್ಕಕ್ಕೆ ಹೋಗಿ, ಹಫೀಜಾಳಿಗೆ ಬೆನ್ನು ಮಾಡಿ ಕುಳಿತಳು.

ಸೋಮವಾರ ಮುನಿಗಂಗಮ್ಮನಿಗೆ ಗೇಟಿನಲ್ಲಿ ಕೆಲಸ ಸಿಗುತ್ತದೆ, ಮಂಗಳವಾರವೂ ಸಿಗುತ್ತದೆ. ಯಾಕೆ ಸಿಕ್ಕಿತು ಎಂದು ಅವಳಿಗೆ ಗೊತ್ತಾಗುವುದಿಲ್ಲ. ಓಡಿಹೋಗಿ ಅವಳ ರಟ್ಟೆ ಹಿಡಿದು ತಿರುಗಿಸಿ, ಒಂದಕ್ಷರ ಬಿಡದೆ ಬರೆದಿದ್ದೆ ಕಣೇ ಎಂದು ಹೇಳಿಬಿಡಬೇಕು ಎಂದು ಹಫೀಜಾಳ ಜೀವ ಒದ್ದಾಡಿತು. ಬಯ್ಯಪ್ಪ ಇನ್ನೂ ಅಲ್ಲೇ ಇದ್ದ. ಅವಳು ಗೋಡೆಯ ಕಡೆಗೆ ತಿರುಗಿ ಕುಳಿತು, ತನ್ನ ಬುತ್ತಿ ಬಿಚ್ಚಿ, ಒಬ್ಬಳೇ ಊಟ ಮಾಡಿದಳು.